ದೇವರ ಮುಂದೆ ದೀನರಾಗಿ ನಿಲ್ಲುವುದು ಹೇಗೆ: ಕ್ರೈಸ್ತ ಅಭ್ಯಾಸಕ್ಕೊಂದು ಕೈಪಿಡಿ

ಕನ್ನಡ ಬೈಬಲನ್ನು ಓದುವವರಿಗೆ ದೀನಸ್ಥಿತಿ ಮತ್ತು ದೀನತೆ ಎಂಬ ಎರಡೂ ಮಾತುಗಳು ಪರಿಚಿತ. ಓದುವಾಗ ಅವು ಒಂದೇ ಎನ್ನಿಸಬಹುದು, ಆದರೆ ಅಭ್ಯಾಸಕ್ಕೆ ಇಳಿಯುವವರು ಮೊದಲು ಅವೆರಡನ್ನೂ ಬೇರೆಬೇರೆಯಾಗಿ ಇಟ್ಟುಕೊಳ್ಳಬೇಕು. ದೀನಸ್ಥಿತಿ ಎಂದರೆ ಮನುಷ್ಯನು ನಿಜವಾಗಿ ಇರುವ ಸ್ಥಿತಿ: ಮಣ್ಣಿನಿಂದ ರೂಪಿಸಲ್ಪಟ್ಟವನು, ಉಸಿರನ್ನು ಇನ್ನೊಬ್ಬರಿಂದ ಪಡೆದವನು, ನಾಳೆಯ ದಿನದ ಮೇಲೆ ಹಿಡಿತವಿಲ್ಲದವನು, ತಪ್ಪು ಮಾಡಿ ಅದನ್ನು ತಾನೇ ಅಳಿಸಲಾರದವನು. ದೀನತೆ ಎಂದರೆ ಆ ಸ್ಥಿತಿಗೆ ಮನಸ್ಸು ಕೊಡುವ ಒಪ್ಪಿಗೆ. ಮೊದಲನೆಯದನ್ನು ಯಾರೂ ಸಾಧಿಸಬೇಕಾಗಿಲ್ಲ. ರಾಜನಿಗೂ ಕೂಲಿಯವನಿಗೂ ಅದು ಸಮವಾಗಿಯೇ ಬಂದಿದೆ. ಅಭ್ಯಾಸ ಬೇಕಾಗಿರುವುದು ಎರಡನೆಯದಕ್ಕೆ. ಇರುವ ಸ್ಥಿತಿಯನ್ನು ಮುಚ್ಚಿಡಲು ನಾವು ದಿನವಿಡೀ ಪಡುವ ಶ್ರಮವನ್ನು ಒಂದೊಂದಾಗಿ ಕೈಬಿಡುತ್ತಾ ಬರುವುದೇ ಆ ಅಭ್ಯಾಸವೆಂದು ನಾನು ತಿಳಿದಿದ್ದೇನೆ, ಮತ್ತು ಈ ಬರಹದಲ್ಲಿ ಹೇಳುವ ಕ್ರಮಗಳೆಲ್ಲವೂ ಆ ಒಂದು ತಿಳಿವಳಿಕೆಯನ್ನು ಹಿಡಿದೇ ಸಾಗುತ್ತವೆ.

ಸುಮಾರು 410ರಲ್ಲಿ ಸಂತ ಅಗಸ್ಟೀನರು ದಿಯೊಸ್ಕೋರ ಎಂಬ ಯುವಕನಿಗೆ ಬರೆದ ಪತ್ರದಲ್ಲಿ, ಸತ್ಯವನ್ನು ತಲುಪುವ ದಾರಿಯಲ್ಲಿ ಮೊದಲನೆಯದು ದೀನತೆ, ಎರಡನೆಯದು ದೀನತೆ, ಮೂರನೆಯದೂ ದೀನತೆ, ಎಷ್ಟು ಸಲ ಕೇಳಿದರೂ ತಾನು ಅದನ್ನೇ ಹೇಳುವೆನು ಎಂದರು. ಆ ಯುವಕ ಕೇಳಿದ್ದು ತತ್ತ್ವಶಾಸ್ತ್ರದ ಪ್ರಶ್ನೆಗಳನ್ನು; ಉತ್ತರ ಗೊತ್ತಿಲ್ಲದಿದ್ದರೆ ಜನ ತನ್ನನ್ನು ದಡ್ಡನೆಂದುಕೊಂಡಾರು ಎಂಬ ಭಯ ಅವನಿಗಿತ್ತು. ಆ ಭಯ ಎಲ್ಲಿದೆಯೋ ಅಲ್ಲಿಂದಲೇ ಅಭ್ಯಾಸವನ್ನು ಆರಂಭಿಸಬೇಕು.

ಮಣ್ಣು ಬೇರೆ, ಪಾಪ ಬೇರೆ

ದೇವರ ಮುಂದೆ ಮನುಷ್ಯನು ಚಿಕ್ಕವನಾಗಿರುವುದಕ್ಕೆ ಕ್ರೈಸ್ತ ಚಿಂತನೆ ಎರಡು ಕಾರಣಗಳನ್ನು ಕೊಡುತ್ತದೆ, ಮತ್ತು ಇವೆರಡನ್ನು ಬೆರೆಸಿಬಿಡುವುದೇ ಹೊಸಬರು ಮಾಡುವ ಮೊದಲ ತಪ್ಪು. ಮೊದಲನೆಯದು ಸೃಷ್ಟಿ. ಆದಿಕಾಂಡದ ಎರಡನೆಯ ಅಧ್ಯಾಯದಲ್ಲಿ ದೇವರು ನೆಲದ ಮಣ್ಣಿನಿಂದ ಮನುಷ್ಯನನ್ನು ರೂಪಿಸುತ್ತಾನೆ. ಹೀಬ್ರೂ ಭಾಷೆಯಲ್ಲಿ ಮನುಷ್ಯನಿಗಿರುವ ‘ಆದಾಮ್’ ಎಂಬ ಮಾತಿನಲ್ಲಿಯೇ ನೆಲಕ್ಕಿರುವ ‘ಅದಾಮಾ’ ಕೇಳಿಸುತ್ತದೆ. ಲ್ಯಾಟಿನ್ ಭಾಷೆಯಲ್ಲಿ ದೀನತೆಗಿರುವ ‘ಹುಮಿಲಿತಾಸ್’ ಎಂಬ ಪದ ಕೂಡ ಮಣ್ಣು ಎಂಬ ಅರ್ಥದ ‘ಹುಮುಸ್’ನಿಂದ ಬಂದದ್ದು. ಮಣ್ಣಾಗಿರುವುದು ಅಪರಾಧವಲ್ಲ. ನಾವು ಧೂಳಾಗಿದ್ದೇವೆ ಎಂಬುದನ್ನು ದೇವರು ನೆನಪಿಟ್ಟುಕೊಳ್ಳುತ್ತಾನೆ ಎಂದು 103ನೆಯ ಕೀರ್ತನೆ ಹೇಳುವುದು ಆತನ ಕನಿಕರದ ಪ್ರಸ್ತಾಪದಲ್ಲಿ, ತಂದೆಯು ಮಕ್ಕಳನ್ನು ಕನಿಕರಿಸುವಂತೆ ಎಂಬ ಮಾತಿನ ಬೆನ್ನಿಗೇ.

ಎರಡನೆಯದು ಪಾಪ. ದೇವಾಲಯದಲ್ಲಿ ದರ್ಶನವಾದಾಗ ಪ್ರವಾದಿಯಾದ ಯೆಶಾಯನು ಅಯ್ಯೋ ಎಂದು ಕೂಗಿದ್ದು ತಾನು ಮಣ್ಣೆಂದಲ್ಲ, ತನ್ನ ತುಟಿಗಳು ಹೊಲಸಾಗಿವೆ ಎಂದು. ಅಲ್ಲಿ ಬೇಕಾದದ್ದು ಶುದ್ಧೀಕರಣ. ಬಲಿಪೀಠದಿಂದ ತಂದ ಕೆಂಡ ಅವನ ಬಾಯಿಗೆ ತಗಲಿತು. ಮಣ್ಣಿನ ಸ್ಥಿತಿಗೆ ತಕ್ಕ ಪ್ರತಿಕ್ರಿಯೆ ಕೃತಜ್ಞತೆ ಮತ್ತು ಭರವಸೆ. ಪಾಪಕ್ಕೆ ತಕ್ಕದ್ದು ಪಶ್ಚಾತ್ತಾಪ. ಈ ಗೆರೆ ಅಳಿಸಿಹೋದಾಗ ಜನರು ತಮ್ಮ ಕಾಯಿಲೆಗೂ ಮುಪ್ಪಿಗೂ ಮರೆವಿಗೂ ದೇವರಲ್ಲಿ ಕ್ಷಮೆ ಕೇಳತೊಡಗುತ್ತಾರೆ, ಇಲ್ಲವೇ ಬೇಕೆಂದೇ ಆಡಿದ ಸುಳ್ಳನ್ನು ‘ಮನುಷ್ಯ ತಾನೇ’ ಎಂಬ ಮಾತಿನ ಹಿಂದೆ ಅಡಗಿಸುತ್ತಾರೆ. ಪ್ರಾರ್ಥನೆಗೆ ಕೂರುವ ಮೊದಲು ನಿಮ್ಮ ಮನಸ್ಸಿನ ಮೇಲಿರುವ ಭಾರ ಯಾವ ಜಾತಿಯದು ಎಂದು ಕೇಳಿಕೊಳ್ಳಿರಿ: ಇದು ನನ್ನ ಮಿತಿಯೋ, ನನ್ನ ತಪ್ಪೋ? ಮಿತಿಯಾದರೆ ಅದನ್ನು ದೇವರ ಕೈಯಲ್ಲಿ ಇಡಿರಿ, ತಪ್ಪಾದರೆ ಅರಿಕೆ ಮಾಡಿರಿ.

ಮಣ್ಣೆಂದು ಒಪ್ಪಿಕೊಂಡವನು ಬಾಯಿ ಮುಚ್ಚಿಕೊಂಡಿರಬೇಕು ಎಂದೇನೂ ಇಲ್ಲ. ‘ಮಣ್ಣೂ ಬೂದಿಯೂ ಆಗಿರುವ ನಾನು’ ಎಂದು ಅಬ್ರಹಾಮನು ಹೇಳಿದ್ದು ನಾಶವಾಗಲಿದ್ದ ಸೊದೋಮ್ ಪಟ್ಟಣವನ್ನು ಉಳಿಸಬೇಕೆಂದು ದೇವರ ಜೊತೆ ವಾದಿಸುತ್ತಿರುವಾಗ. ಐವತ್ತು ಮಂದಿ ನೀತಿವಂತರಿದ್ದರೆ ಅದನ್ನು ಉಳಿಸುವೆಯಾ ಎಂಬಲ್ಲಿಂದ ಆರಂಭಿಸಿ, ಆರು ಸಲ ಬೇಡಿ, ಅವನು ಆ ಸಂಖ್ಯೆಯನ್ನು ಹತ್ತಕ್ಕೆ ಇಳಿಸಿದನು.

ಬೆಳಗಿನ ಅಭ್ಯಾಸ: ಒಂದು ವಸ್ತುವಿನ ಜಾಡು

ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯಲ್ಲಿ ಪೌಲನು, ಪಡೆಯದೆ ನಿನ್ನಲ್ಲಿ ಇರುವಂಥದ್ದು ಯಾವುದಿದೆ ಎಂದು ಕೇಳುತ್ತಾನೆ. ಈ ಪ್ರಶ್ನೆಯನ್ನು ಒಟ್ಟು ಬದುಕಿಗೆ ಅನ್ವಯಿಸಿದರೆ ಅದು ಉಪದೇಶವಾಗಿ ಉಳಿಯುತ್ತದೆ. ಒಂದೇ ಒಂದು ವಿಷಯಕ್ಕೆ ಅನ್ವಯಿಸಿದರೆ ಅದು ಕೆಲಸ ಮಾಡುತ್ತದೆ. ಬೆಳಿಗ್ಗೆ, ನಿಮಗೆ ನಿಮ್ಮದೇ ಎಂದು ಹೆಮ್ಮೆಯಿರುವ ಒಂದು ಸಂಗತಿಯನ್ನು ಆರಿಸಿಕೊಳ್ಳಿರಿ. ಚೆನ್ನಾಗಿ ಬರೆಯುವ ಶಕ್ತಿ ಎಂದಿಟ್ಟುಕೊಳ್ಳೋಣ. ಅದಕ್ಕಾಗಿ ನೀವು ಶ್ರಮಪಟ್ಟದ್ದು ನಿಜ, ಅದನ್ನು ಅಲ್ಲಗಳೆಯಬೇಡಿರಿ. ಆದರೆ ಆ ಶ್ರಮಕ್ಕೆ ಬಿಡುವು ಕೊಟ್ಟವರು ಯಾರು, ಮೊದಲ ಅಕ್ಷರವನ್ನು ಕೈಹಿಡಿದು ತಿದ್ದಿಸಿದವರು ಯಾರು, ನೀವು ಬರೆಯುವ ಭಾಷೆಯನ್ನು ನಿಮಗಿಂತ ಮೊದಲು ಶತಮಾನಗಳ ಕಾಲ ಬಳಸಿ ನಯಮಾಡಿಟ್ಟವರು ಯಾರು, ನೋಡುವ ಕಣ್ಣು ಎಲ್ಲಿಂದ ಬಂತು ಎಂದು ಒಂದೊಂದೇ ಹೆಜ್ಜೆ ಹಿಂದಕ್ಕೆ ಹೋಗಿರಿ. ನಿಮ್ಮ ಪಾತ್ರ ಏನೂ ಇಲ್ಲದ ಒಂದು ಜಾಗ ಸಿಗುತ್ತದೆ. ಅಲ್ಲಿ ನಿಂತು ದೇವರಿಗೆ ಸ್ತೋತ್ರ ಹೇಳಿ ಏಳಿರಿ. ಐದು ನಿಮಿಷ ಸಾಕು, ದಿನಕ್ಕೆ ಒಂದೇ ಸಂಗತಿ ಸಾಕು.

ಹೀಗೆ ಮಾಡಿದಾಗ ಆ ಶಕ್ತಿ ಕಿರಿದಾಗುವುದಿಲ್ಲ ಎಂಬುದನ್ನು ಗಮನಿಸಬೇಕು. ದೇವರು ತನ್ನ ದಾಸಿಯ ದೀನಸ್ಥಿತಿಯನ್ನು ಲಕ್ಷಿಸಿದನೆಂದು ಹಾಡಿದ ಮರಿಯಳು ಅದೇ ಉಸಿರಿನಲ್ಲಿ, ಇನ್ನು ಮುಂದೆ ಎಲ್ಲ ತಲೆಮಾರಿನವರೂ ತನ್ನನ್ನು ಧನ್ಯಳೆಂದು ಕರೆಯುವರು ಎನ್ನುತ್ತಾಳೆ. ತನಗೆ ದೊರೆತದ್ದು ದೊಡ್ಡದು ಎನ್ನಲು ಅವಳು ಸಂಕೋಚಪಡಲಿಲ್ಲ, ಏಕೆಂದರೆ ಕೊಟ್ಟವನು ಯಾರೆಂಬುದನ್ನು ಮೊದಲೇ ಹೇಳಿಯಾಗಿತ್ತು. ಅವಿಲಾದ ಸಂತ ತೆರೇಸಾ 1577ರಲ್ಲಿ ಬರೆದ ಗ್ರಂಥದಲ್ಲಿ ದೀನತೆ ಎಂದರೆ ಸತ್ಯದಲ್ಲಿ ನಡೆಯುವುದು ಎಂದಿದ್ದಾರೆ. ಇರುವ ಪ್ರತಿಭೆಯನ್ನು ಇಲ್ಲವೆನ್ನುವವನು ಆ ಸತ್ಯದಿಂದ ಅಷ್ಟರಮಟ್ಟಿಗೆ ಹೊರಗೇ ನಡೆಯುತ್ತಾನೆ.

ಪ್ರಾರ್ಥನೆಯಲ್ಲಿ ಕಣ್ಣು ಎತ್ತ ತಿರುಗುತ್ತದೆ

ಲೂಕನ ಸುವಾರ್ತೆಯ 18ನೆಯ ಅಧ್ಯಾಯದಲ್ಲಿರುವ ಫರಿಸಾಯ ಮತ್ತು ಸುಂಕದವನ ಸಾಮ್ಯವನ್ನು, ಅಂದರೆ ಧರ್ಮನಿಯಮಗಳನ್ನು ಕಟ್ಟುನಿಟ್ಟಾಗಿ ಪಾಲಿಸುವ ಪಂಥದವನೊಬ್ಬನೂ ಜನ ಪಾಪಿಯೆಂದು ಕಾಣುತ್ತಿದ್ದ ತೆರಿಗೆ ವಸೂಲಿಗಾರನೊಬ್ಬನೂ ದೇವಾಲಯಕ್ಕೆ ಪ್ರಾರ್ಥನೆಗೆ ಹೋದ ಕಥೆಯನ್ನು, ಪ್ರಾರ್ಥನೆಯ ಪಾಠವೆಂದು ನಿಧಾನವಾಗಿ ಓದುವುದು ಒಳ್ಳೆಯದು. ಫರಿಸಾಯನು ಸುಳ್ಳು ಹೇಳಿದನೆಂದು ಯೇಸು ಎಲ್ಲಿಯೂ ಹೇಳುವುದಿಲ್ಲ. ಅವನು ವಾರಕ್ಕೆ ಎರಡು ಸಲ ಉಪವಾಸ ಮಾಡುತ್ತಿದ್ದನು, ಸಂಪಾದನೆಯಲ್ಲೆಲ್ಲಾ ಹತ್ತರಲ್ಲೊಂದು ಪಾಲು ಕೊಡುತ್ತಿದ್ದನು. ಅವನ ಪ್ರಾರ್ಥನೆ ಆರಂಭವಾಗುವುದೂ ಸ್ತೋತ್ರದಿಂದಲೇ. ಎಡವಿದ್ದು ಎಲ್ಲಿ ಎಂದರೆ, ಸುಲುಕೊಳ್ಳುವವರು, ಅನ್ಯಾಯಗಾರರು, ಹಾದರ ಮಾಡುವವರು ಎಂದು ಹೆಸರಿಲ್ಲದವರ ಪಟ್ಟಿಯನ್ನು ಹೇಳುತ್ತಾ ಹೇಳುತ್ತಾ ‘ಈ ಸುಂಕದವನು’ ಎಂಬಲ್ಲಿಗೆ ಬಂದು ನಿಂತಾಗ. ‘ಈ’ ಎನ್ನಬೇಕಾದರೆ ಕಣ್ಣು ಪಕ್ಕಕ್ಕೆ ತಿರುಗಿರಬೇಕು. ದೇವರ ಎದುರು ನಿಂತವನು ಆ ಕ್ಷಣದಲ್ಲಿ ದೇವರನ್ನು ಬಿಟ್ಟು ನೆರೆಯವನನ್ನು ಅಳೆಯುತ್ತಿದ್ದನು, ಮತ್ತು ಅಷ್ಟು ಹೊತ್ತಿನ ಪ್ರಾರ್ಥನೆಯಲ್ಲಿ ದೇವರಿಂದ ಏನನ್ನೂ ಬೇಡಲೇ ಇಲ್ಲ. 12ನೆಯ ಶತಮಾನದ ಕ್ಲೇರ್ವೋ ಮಠದ ಸಂತ ಬರ್ನಾರ್ಡರು ಗರ್ವದ ಹನ್ನೆರಡು ಮೆಟ್ಟಿಲುಗಳನ್ನು ವಿವರಿಸುವಾಗ ಮೊದಲ ಮೆಟ್ಟಿಲೆಂದು ಕುತೂಹಲವನ್ನು, ಅಂದರೆ ತನ್ನ ಒಳಗನ್ನು ಬಿಟ್ಟು ಅತ್ತಿತ್ತ ಅಲೆಯುವ ಕಣ್ಣನ್ನು, ಹೆಸರಿಸಿದ್ದು ಇದಕ್ಕೇ ಹೊಂದುತ್ತದೆ.

ಸುಂಕದವನ ಪ್ರಾರ್ಥನೆ ಒಂದೇ ಸಾಲು: ದೇವರೇ, ಪಾಪಿಯಾದ ನನ್ನನ್ನು ಕರುಣಿಸು. ಮೂಲ ಗ್ರೀಕಿನಲ್ಲಿ ಅವನು ತನ್ನನ್ನು ‘ಆ ಪಾಪಿ’ ಎಂದೇ ಕರೆದುಕೊಳ್ಳುತ್ತಾನೆ, ಅಲ್ಲಿ ಬೇರೆ ಪಾಪಿಗಳು ಇಲ್ಲವೇ ಇಲ್ಲವೇನೋ ಎಂಬಂತೆ. ಹೋಲಿಕೆಗೆ ಬೇಕಾದ ಎರಡನೆಯ ವ್ಯಕ್ತಿಯೇ ಅವನ ಲೆಕ್ಕದಲ್ಲಿಲ್ಲ.

ಇದನ್ನು ಅಭ್ಯಾಸಕ್ಕೆ ತರುವ ಕ್ರಮ ಸರಳವಾಗಿದೆ. ಒಂದೇ ಜಾಗ, ಒಂದೇ ಹೊತ್ತು ಗೊತ್ತುಮಾಡಿಕೊಳ್ಳಿರಿ. ಸಾಧ್ಯವಿರುವವರು ಮೊಣಕಾಲೂರಿರಿ; ಮನಸ್ಸು ಒಪ್ಪದ ದಿನವೂ ದೇಹ ಬಾಗಬಲ್ಲದು, ಮತ್ತು ಎಷ್ಟೋ ಸಲ ದೇಹದ ಹಿಂದೆ ಮನಸ್ಸು ಬರುತ್ತದೆ. ಕೀರ್ತನೆಯ ಒಂದೆರಡು ವಚನಗಳನ್ನು ಓದಿ ಸ್ವಲ್ಪ ಹೊತ್ತು ಸುಮ್ಮನಿರಿ. ಆಮೇಲೆ ಸುಂಕದವನ ಸಾಲನ್ನಾಗಲಿ, ಪೂರ್ವದೇಶದ ಸಭೆಗಳಲ್ಲಿ ‘ಯೇಸು ಪ್ರಾರ್ಥನೆ’ ಎಂದು ಕರೆಯಲ್ಪಡುವ ‘ದೇವರ ಕುಮಾರನಾದ ಕರ್ತನಾದ ಯೇಸು ಕ್ರಿಸ್ತನೇ, ಪಾಪಿಯಾದ ನನ್ನನ್ನು ಕರುಣಿಸು’ ಎಂಬ ಸಾಲನ್ನಾಗಲಿ, ಅವಸರವಿಲ್ಲದೆ ಹತ್ತು ಹದಿನೈದು ಸಲ ಹೇಳಿರಿ. ನಡುವೆ ಯಾರದಾದರೂ ಮುಖ ಕಣ್ಣ ಮುಂದೆ ಬಂದೇ ಬರುತ್ತದೆ, ಹೆಚ್ಚಾಗಿ ನಿಮ್ಮನ್ನು ನೋಯಿಸಿದವರದು ಅಥವಾ ನೀವು ಕೀಳಾಗಿ ಕಾಣುವವರದು. ಓಡಿಸಲು ಹೋಗಬೇಡಿರಿ, ಆ ವ್ಯಕ್ತಿಯ ಹೆಸರು ಹೇಳಿ ‘ಇವರನ್ನೂ ಕರುಣಿಸು’ ಎಂದು ಒಂದು ಮಾತು ಸೇರಿಸಿ ಮತ್ತೆ ನಿಮ್ಮ ಸಾಲಿಗೆ ಹಿಂತಿರುಗಿರಿ. ಕೊನೆಯಲ್ಲಿ ಆ ದಿನಕ್ಕೆ ಬೇಕಾದ ಯಾವುದಾದರೂ ಒಂದನ್ನು ಕೇಳಿಕೊಳ್ಳಿರಿ. ಬೇಡುವುದು ಕೆಳದರ್ಜೆಯ ಪ್ರಾರ್ಥನೆ, ಸ್ತುತಿ ಮಾತ್ರ ಮೇಲ್ದರ್ಜೆಯದು ಎಂಬ ಭಾವನೆ ಕೆಲವರಲ್ಲಿದೆ. ನನಗೆ ಅದು ಒಪ್ಪಿಗೆಯಿಲ್ಲ. ಮಾರ್ಟಿನ್ ಲೂಥರರು 1546ರಲ್ಲಿ ತೀರಿಹೋಗುವ ಮುನ್ನ ಬರೆದಿಟ್ಟ ಕೊನೆಯ ಚೀಟಿ ಮುಗಿಯುವುದು ‘ನಾವು ಭಿಕ್ಷುಕರು, ಇದು ನಿಜ’ ಎಂಬ ಅರ್ಥದ ಮಾತಿನಿಂದ. ಕೈಚಾಚುವುದೇ ಭಿಕ್ಷುಕನ ಪ್ರಾಮಾಣಿಕತೆ.

ಸಂಜೆಯ ಅರಿಕೆ

ದಿನದ ಕೊನೆಯಲ್ಲಿ ಮನಸ್ಸನ್ನು ಪರಿಶೀಲಿಸುವಾಗ ‘ನಾನು ಮಹಾಪಾಪಿ, ಯಾವುದಕ್ಕೂ ಯೋಗ್ಯನಲ್ಲ’ ಎಂಬಂಥ ದೊಡ್ಡ ಮಾತುಗಳನ್ನು ದೂರವಿಡಿರಿ. ಅವು ಹೇಳಲು ಸುಲಭ, ಏಕೆಂದರೆ ಅವುಗಳಲ್ಲಿ ಯಾವ ನಿರ್ದಿಷ್ಟ ತಪ್ಪೂ ಇಲ್ಲ. ಅದರ ಬದಲು ಒಂದು ಘಟನೆಯನ್ನು ಹಿಡಿಯಿರಿ: ಮಧ್ಯಾಹ್ನ ಜೊತೆಯಲ್ಲಿ ಕೆಲಸ ಮಾಡುವವರೊಬ್ಬರನ್ನು ಹೊಗಳುತ್ತಿದ್ದಾಗ ನಾನು ನಡುವೆ ಬಾಯಿ ಹಾಕಿ, ಆ ಕೆಲಸವನ್ನು ಅವರಿಗೆ ಕಲಿಸಿದವನು ನಾನೇ ಎಂದೆ. ಇಷ್ಟೇ. ಆಡಿದ ಮಾತನ್ನು ಆಡಿದ ಹಾಗೆಯೇ ದೇವರ ಮುಂದೆ ಇನ್ನೊಮ್ಮೆ ಹೇಳಿರಿ. ವಿಶೇಷಣಗಳು ಬೇಡ, ‘ಆದರೆ’ ಎಂಬ ಮಾತು ಬಂದಲ್ಲಿ ವಾಕ್ಯವನ್ನು ಅಲ್ಲಿಯೇ ನಿಲ್ಲಿಸಿರಿ. ‘ಆದರೆ’ಯ ನಂತರ ಬರುವುದು ಬಹುಪಾಲು ವಕಾಲತ್ತು. ಗುರುಗಳ ಬಳಿ ಪಾಪನಿವೇದನೆ ಮಾಡುವ ಸಂಪ್ರದಾಯದವರಿಗೂ, ನೇರವಾಗಿ ದೇವರಲ್ಲಿ ಅರಿಕೆ ಮಾಡುವ ಸಂಪ್ರದಾಯದವರಿಗೂ ಈ ನಿಯಮ ಒಂದೇ.

ಬರ್ನಾರ್ಡರ ಪಟ್ಟಿಯಲ್ಲಿ ಒಂಬತ್ತನೆಯ ಮೆಟ್ಟಿಲು ನಟನೆಯ ನಿವೇದನೆ. ಕೇಳುವವರು ಮೆಚ್ಚಲಿ ಎಂದು ತನ್ನ ತಪ್ಪನ್ನು ಇರುವುದಕ್ಕಿಂತ ಹಿಗ್ಗಿಸಿ ಹೇಳುವವನ ಬಗ್ಗೆ ಅವರು ಬರೆಯುತ್ತಾರೆ. ಅಂಥವನ ನಿಜ ತಿಳಿಯಬೇಕಾದರೆ ಬೇರೆಯವರು ಅವನ ಮೇಲೆ ಒಂದು ಸಣ್ಣ ಆಕ್ಷೇಪವನ್ನು ಎತ್ತಿದರೆ ಸಾಕು. ತನ್ನನ್ನು ಪಾಪಿಯೆಂದು ಹತ್ತು ಸಲ ಕರೆದುಕೊಂಡವನು, ‘ನಿನ್ನೆ ನೀವು ಹೇಳಿದ್ದು ತಪ್ಪು’ ಎಂಬ ಒಂದು ಮಾತಿಗೆ ಸಿಡಿದೇಳುತ್ತಾನೆ. ಈ ಪರೀಕ್ಷೆಯನ್ನು ನಿಮ್ಮ ಮೇಲೆ ನೀವೇ ಮಾಡಿಕೊಳ್ಳಬಹುದು. ಯಾರಾದರೂ ತಿದ್ದಿದಾಗ ಕೂಡಲೇ ಉತ್ತರ ಕೊಡದೆ ಒಂದು ರಾತ್ರಿ ತಡೆಯಿರಿ. ಆಕ್ಷೇಪದಲ್ಲಿ ಹತ್ತರಲ್ಲೊಂದು ಪಾಲು ನಿಜವಿದ್ದರೂ ಆ ಪಾಲನ್ನು ಮಾತ್ರ ಎತ್ತಿಕೊಂಡು ‘ಇದು ಸರಿ’ ಎಂದು ಅವರಿಗೇ ಹೇಳಿರಿ. ಮಿಕ್ಕ ಒಂಬತ್ತು ಪಾಲಿನ ವಿಚಾರಣೆ ಆಮೇಲೆ ಆಗಲಿ.

ನೆರೆಯವರ ನಡುವೆ

ಎಲ್ಲರೂ ನನಗಿಂತ ಮೇಲು ಎಂದು ಭಾವಿಸಬೇಕೆಂಬ ಉಪದೇಶವನ್ನು ಕೇಳಿ ಅನೇಕರು ಗೊಂದಲಕ್ಕೆ ಬೀಳುತ್ತಾರೆ, ಏಕೆಂದರೆ ಸುಳ್ಳನ್ನು ನಂಬದೆ ಅದನ್ನು ಪಾಲಿಸುವುದು ಹೇಗೆಂದು ತಿಳಿಯುವುದಿಲ್ಲ. 13ನೆಯ ಶತಮಾನದಲ್ಲಿ ಸಂತ ತೋಮಸ್ ಅಕ್ವಿನಾಸರು ಕೊಟ್ಟ ಬಿಡಿಸುವಿಕೆ ನನಗೆ ಬಹಳ ಉಪಯೋಗಕ್ಕೆ ಬಂದಿದೆ. ಪ್ರತಿಯೊಬ್ಬನಲ್ಲಿಯೂ ದೇವರಿಂದ ಬಂದದ್ದು ಸ್ವಲ್ಪ, ತನ್ನದೇ ಆದ ಕೊರತೆ ಸ್ವಲ್ಪ ಇರುತ್ತದೆ. ನನ್ನಲ್ಲಿ ನನ್ನದಾಗಿರುವುದನ್ನು ನಾನು ಮತ್ತೊಬ್ಬನಲ್ಲಿ ದೇವರದ್ದಾಗಿರುವುದರ ಕೆಳಗೆ ಇಡಬೇಕು. ನನ್ನಲ್ಲಿರುವ ದೇವರ ವರವನ್ನು ಅವನ ವರಕ್ಕಿಂತ ಕಡಿಮೆಯೆಂದು ಹೇಳಬೇಕಾಗಿಲ್ಲ. ಹೀಗೆ ನೋಡಿದರೆ ಯಾರ ಎದುರಿಗಾದರೂ ಪ್ರಾಮಾಣಿಕವಾಗಿ ತಲೆಬಾಗಬಹುದು. ಕಿರಿಕಿರಿ ಉಂಟುಮಾಡುವ ವ್ಯಕ್ತಿಯನ್ನು ಭೇಟಿಯಾಗಲು ಹೋಗುವ ಮೊದಲು, ಅವರಲ್ಲಿ ದೇವರದ್ದೆಂದು ಹೇಳಬಹುದಾದ ಒಂದು ಗುಣವನ್ನು ಹುಡುಕಿ ಇಟ್ಟುಕೊಂಡು ಹೋಗಿರಿ.

ತೀರ್ಪು ಹೇಳುವ ಚಪಲಕ್ಕೆ ಮದ್ದು ಈಜಿಪ್ಟಿನ ಮರುಭೂಮಿಯ ತಪಸ್ವಿಗಳ ಮಾತುಗಳಲ್ಲಿದೆ. ತಪ್ಪು ಮಾಡಿದ ಸಹೋದರನೊಬ್ಬನ ವಿಚಾರಣೆಗೆ ಅಬ್ಬಾ ಮೋಶೆಯವರನ್ನು ಕರೆದಾಗ ಅವರು ತೂತುಬಿದ್ದ ಕೊಡದಲ್ಲಿ ನೀರು ತುಂಬಿಕೊಂಡು, ಅದು ಹಿಂದೆ ಸೋರುತ್ತಿರಲು ನಡೆದುಬಂದರಂತೆ. ನನ್ನ ಪಾಪಗಳು ನನ್ನ ಬೆನ್ನ ಹಿಂದೆ ಸುರಿಯುತ್ತಿವೆ, ನನಗೆ ಕಾಣುವುದಿಲ್ಲ; ಇಂದು ಮತ್ತೊಬ್ಬನ ತಪ್ಪಿಗೆ ತೀರ್ಪು ಕೊಡಲು ಬಂದಿದ್ದೇನೆ ಎಂದರು. ಸಭೆ ಆ ಸಹೋದರನನ್ನು ಕ್ಷಮಿಸಿತು.

ಸೇವೆಯ ವಿಷಯಕ್ಕೆ ಬಂದರೆ, ಯೋಹಾನನ ಸುವಾರ್ತೆಯ 13ನೆಯ ಅಧ್ಯಾಯದಲ್ಲಿ ಯೇಸು ಊಟದಿಂದ ಎದ್ದು, ಮೇಲುಹೊದಿಕೆಯನ್ನು ತೆಗೆದಿಟ್ಟು, ಕೈಪಾವುಡವನ್ನು ನಡುವಿಗೆ ಕಟ್ಟಿಕೊಂಡು, ಬೋಗುಣಿಯಲ್ಲಿ ನೀರು ಹೊಯ್ದು ಶಿಷ್ಯರ ಕಾಲು ತೊಳೆದನು. ತನ್ನನ್ನು ಹಿಡಿದುಕೊಡಲಿದ್ದ ಯೂದನು ಆಗಿನ್ನೂ ಎದ್ದುಹೋಗಿರಲಿಲ್ಲ. ಈ ಭಾಗವನ್ನು ಓದಿದವರು ನಾವೂ ಕಾಲು ತೊಳೆಯಬೇಕು ಎಂದು ಹೊರಡುತ್ತಾರೆ, ಅದು ಸರಿಯೇ. ಆದರೆ ಅಲ್ಲಿ ಹೆಚ್ಚು ಕಷ್ಟಪಟ್ಟವನು ಪೇತ್ರನು. ನೀನು ನನ್ನ ಕಾಲನ್ನು ಎಂದಿಗೂ ತೊಳೆಯಬಾರದು ಎಂದು ಅವನು ಹೇಳಿದ್ದು ಕೇಳಲು ದೀನತೆಯಂತಿದೆ, ಒಳಗೆ ಮಾತ್ರ ತನ್ನ ಕೊಳೆಯನ್ನು ಇನ್ನೊಬ್ಬರ ಕೈಗೆ ಕೊಡಲಾರದ ಹಟವಿದೆ. ಕೊಡುವವನಿಗೆ ಎಷ್ಟೇ ತಗ್ಗಿದರೂ ಕೊಡುವವನ ಸ್ಥಾನ ಉಳಿದಿರುತ್ತದೆ, ಪಡೆಯುವವನಿಗೆ ಅದೂ ಇಲ್ಲ. ಆದುದರಿಂದ ವಾರಕ್ಕೊಮ್ಮೆ ಯಾರಿಗೂ ತಿಳಿಯದಂತೆ ಒಂದು ಕೆಲಸ ಮಾಡಿಕೊಡುವುದನ್ನು ಅಭ್ಯಾಸವಾಗಿ ಇಟ್ಟುಕೊಳ್ಳುವವರು, ವಾರಕ್ಕೊಮ್ಮೆ ನಿಜವಾಗಿ ಬೇಕಾಗಿರುವ ಸಹಾಯವೊಂದನ್ನು ಬಾಯಿಬಿಟ್ಟು ಕೇಳಿ ಪಡೆಯುವುದನ್ನೂ ಇಟ್ಟುಕೊಳ್ಳಲಿ; ಪಡೆದ ಮೇಲೆ ಕೂಡಲೇ ಋಣ ತೀರಿಸಲು ಓಡದಿರಲಿ. ಹೊಗಳಿಕೆಯ ವಿಷಯವೂ ಹೀಗೆಯೇ: ‘ಛೇ, ನನ್ನದೇನಿದೆ’ ಎಂದು ಎಳೆದಾಡಿದಷ್ಟೂ ಮಾತು ನಿಮ್ಮ ಸುತ್ತಲೇ ಸುತ್ತುತ್ತದೆ, ‘ಸಂತೋಷವಾಯಿತು’ ಎಂದು ಹೇಳಿ ಬೇರೆ ಮಾತಿಗೆ ಹೋಗಿರಿ.

ಬಾಗಿದ ತಲೆ ಕೊನೆಯಲ್ಲಿ ಬರುತ್ತದೆ

ಆರನೆಯ ಶತಮಾನದಲ್ಲಿ ಸಂತ ಬೆನೆಡಿಕ್ಟರು ತಮ್ಮ ಮಠದವರಿಗಾಗಿ ಬರೆದ ನಿಯಮಾವಳಿಯ ಏಳನೆಯ ಅಧ್ಯಾಯದಲ್ಲಿ ದೀನತೆಗೆ ಹನ್ನೆರಡು ಮೆಟ್ಟಿಲುಗಳಿವೆ. ಅವುಗಳ ಅನುಕ್ರಮವೇ ಒಂದು ಪಾಠ. ಮೊದಲ ಮೆಟ್ಟಿಲು ದೇವರ ಭಯವನ್ನು ಸದಾ ಕಣ್ಣ ಮುಂದೆ ಇಟ್ಟುಕೊಳ್ಳುವುದು. ನಾಲ್ಕನೆಯದು ಕಷ್ಟದಲ್ಲಿ ತಾಳ್ಮೆ. ಐದನೆಯದು ಮನಸ್ಸಿನ ಕೆಟ್ಟ ಯೋಚನೆಗಳನ್ನು ಹಿರಿಯರಿಂದ ಮುಚ್ಚಿಡದಿರುವುದು. ಒಂಬತ್ತರಿಂದ ಹನ್ನೊಂದರವರೆಗೆ ನಾಲಗೆಯ ಮತ್ತು ನಗೆಯ ಹತೋಟಿ. ತಗ್ಗಿಸಿದ ಕಣ್ಣು, ಬಾಗಿದ ತಲೆ ಬರುವುದು ಹನ್ನೆರಡನೆಯದರಲ್ಲಿ. ನಮ್ಮಲ್ಲಿ ಹೆಚ್ಚಿನವರು ಏರಲು ಹೊರಡುವುದು ಆ ಕೊನೆಯ ಮೆಟ್ಟಿಲಿನಿಂದ, ಮೆಲುದನಿಯಿಂದ, ಹಿಂದಿನ ಸಾಲಿನ ಕುರ್ಚಿಯಿಂದ. ಕೆಳಗಿನ ಹನ್ನೊಂದು ಮೆಟ್ಟಿಲಿಲ್ಲದೆ ಅದು ಗಾಳಿಯಲ್ಲಿ ತೂಗುತ್ತಿರುತ್ತದೆ.

ಯಾವಾಗ ಈ ಅಭ್ಯಾಸಗಳನ್ನು ನಿಲ್ಲಿಸಬೇಕು

ಈ ವಿಷಯದಲ್ಲಿ ಬರೆಯುವವರು ಇದನ್ನು ಸಾಮಾನ್ಯವಾಗಿ ಹೇಳದೆ ಬಿಡುತ್ತಾರೆ, ಅದರಿಂದ ಹಾನಿಯಾಗುತ್ತದೆ. ಹೊಡೆಸಿಕೊಳ್ಳುತ್ತಿರುವವರಿಗೆ, ಬೈಸಿಕೊಳ್ಳುತ್ತಿರುವವರಿಗೆ, ಕೂಲಿ ಸಿಗದವರಿಗೆ ‘ದೀನರಾಗಿರಿ’ ಎಂದು ಬಲವಿರುವವರು ಹೇಳಿದಾಗ ಅಲ್ಲಿ ದೇವರ ಸ್ಥಾನದಲ್ಲಿ ಬೇರೆ ಯಾರೋ ಬಂದು ಕೂತಿರುತ್ತಾರೆ. ಮಹಾಯಾಜಕನ ಎದುರು ಒಬ್ಬ ಓಲೇಕಾರನು ಕೆನ್ನೆಗೆ ಹೊಡೆದಾಗ ಯೇಸು, ನಾನು ಮಾತಾಡಿದ್ದು ಸರಿಯಾಗಿದ್ದರೆ ನನ್ನನ್ನು ಯಾಕೆ ಹೊಡೆಯುತ್ತೀ ಎಂದು ಕೇಳಿದನು. ಫಿಲಿಪ್ಪಿಯಲ್ಲಿ ವಿಚಾರಣೆಯಿಲ್ಲದೆ ಹೊಡೆಸಿ ಸೆರೆಗೆ ಹಾಕಿದ ಅಧಿಕಾರಿಗಳು ಮರುದಿನ ಗುಟ್ಟಾಗಿ ಕಳುಹಿಸಿಬಿಡಲು ನೋಡಿದಾಗ, ತಾವು ರೋಮಾಪುರದ ಹಕ್ಕುಳ್ಳವರು, ಅವರೇ ಬಂದು ನಮ್ಮನ್ನು ಹೊರಗೆ ಕರೆದುಕೊಂಡು ಹೋಗಲಿ ಎಂದು ಪೌಲನು ಪಟ್ಟುಹಿಡಿದನು. ಕ್ರಿಸ್ತನು ತನ್ನನ್ನು ಬರಿದುಮಾಡಿಕೊಂಡನೆಂದು ಮುಂದೆ ಅದೇ ಊರಿನ ಸಭೆಗೆ ಬರೆದವನೂ ಈ ಪೌಲನೇ. ತನ್ನನ್ನು ತಾನು ತಗ್ಗಿಸಿಕೊಳ್ಳುವುದು ಒಂದು, ಇನ್ನೊಬ್ಬರು ತುಳಿಯುವುದು ಇನ್ನೊಂದು.

ಹಾಗೆಯೇ, ತಮ್ಮನ್ನು ತಾವೇ ದ್ವೇಷಿಸುವ ಯೋಚನೆಗಳಿಂದ ನಿದ್ದೆ ಕೆಟ್ಟವರು, ಬದುಕು ಬೇಡವೆನ್ನಿಸುವವರು ಸಂಜೆಯ ಅರಿಕೆಯ ಅಭ್ಯಾಸವನ್ನು ಸದ್ಯಕ್ಕೆ ಬದಿಗಿಟ್ಟು, ನಂಬಬಹುದಾದ ಒಬ್ಬರ ಬಳಿಯೂ ವೈದ್ಯರ ಬಳಿಯೂ ಮಾತಾಡಬೇಕು. ಸಹಾಯ ಕೇಳಿ ಪಡೆಯುವುದೂ ಈ ಕೈಪಿಡಿಯ ಅಭ್ಯಾಸಗಳಲ್ಲಿ ಒಂದೆಂದು ಆಗಲೇ ಹೇಳಿದ್ದೇನೆ.

ಮುಂದುವರಿದಿದ್ದೇವೆಯೇ ಎಂದು ತಿಳಿಯುವುದು

ಒಂದು ವರ್ಷ ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸು ಕಾಲದ ನಲವತ್ತು ದಿನ ನಾನು ಒಂದು ನೋಟು ಪುಸ್ತಕ ಇಟ್ಟುಕೊಂಡು, ಯಾರಿಗೂ ತಿಳಿಯದಂತೆ ಮಾಡಿದ ಕೆಲಸಗಳನ್ನು ದಿನಾಂಕದೊಡನೆ ಬರೆಯುತ್ತಾ ಬಂದೆ. ಇಪ್ಪತ್ತನೆಯ ದಿನದ ಹೊತ್ತಿಗೆ ಅದನ್ನು ತಿರುವಿಹಾಕಿ ಎಣಿಸುವುದು ನನ್ನ ಪ್ರಾರ್ಥನೆಗಿಂತ ಇಷ್ಟವಾದ ಕೆಲಸವಾಗಿತ್ತು, ಮತ್ತು ಅದನ್ನು ಮೇಜಿನ ಮೇಲೆ ಮರೆತವನಂತೆ ಬಿಟ್ಟುಹೋದ ದಿನವೂ ಒಂದಿತ್ತು. ಸೀನಾಯಿ ಬೆಟ್ಟದಿಂದ ಇಳಿದುಬಂದ ಮೋಶೆಗೆ ತನ್ನ ಮುಖ ಪ್ರಕಾಶಿಸುತ್ತಿದ್ದುದು ತಿಳಿದಿರಲಿಲ್ಲ ಎಂದು ವಿಮೋಚನಕಾಂಡ ಹೇಳುತ್ತದೆ. ಬೆಳವಣಿಗೆಯ ಲೆಕ್ಕ ಇಡುವ ಕೆಲಸ ನಮ್ಮದಲ್ಲವೆಂದು ನಾನು ತಿಳಿದುಕೊಂಡದ್ದು ಆ ನೋಟು ಪುಸ್ತಕದಿಂದ. ಈಗ ಅಂಥ ಪುಸ್ತಕ ಇಡುವುದಿಲ್ಲ. ‘ಈಚೆಗೆ ನಾನು ಎಷ್ಟೋ ತಗ್ಗಿದ್ದೇನೆ’ ಎಂಬ ಯೋಚನೆ ಬಂದಾಗ ಅದರೊಡನೆ ಗುದ್ದಾಡಲು ಹೋಗದೆ, ಸುಂಕದವನ ಸಾಲನ್ನು ಒಂದು ಸಲ ಹೇಳಿ, ಕೈಯಲ್ಲಿದ್ದ ಕೆಲಸವನ್ನು ಮುಂದುವರಿಸುತ್ತೇನೆ.